ಕಿರಣ ಕೊಟ್ಟರೆ ಸಾಲದು, ಮೈಮೇಲೆ ಅಳೆಯಲೂ ಬೇಕು: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡುವ ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ರೋಗಿಗೆ ಕೊಡುವ ಕಿರಣ ಎಷ್ಟೆಂದು ಲೆಕ್ಕ ಹಾಕಿ, ಅಳೆದು ನೋಡುವುದು ನನ್ನ ಕೆಲಸ. ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳು ನಿಮ್ಮ ಇಲಾಖೆಗೆ ಸೇರಿದವು. ಅದಕ್ಕೇ ಈ ಪತ್ರ ನಿಮಗೆ.

ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಲಿಂಫೋಮಾ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್, ಇದೆ. ಅಪರೂಪದ ಕಾಯಿಲೆ. ಶುರುವಿನಲ್ಲಿ ಇಸುಬಿನ ಹಾಗೇ ಕಾಣುತ್ತದೆ, ಹಾಗಾಗಿ ಎಷ್ಟೋ ಜನ ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡೇ ಇರುತ್ತಾರೆ. ಮೈತುಂಬಾ ಹರಡಿದ ಮೇಲೆ ಕೆಲವರಿಗೆ ಇಡೀ ಚರ್ಮಕ್ಕೆ ಎಲೆಕ್ಟ್ರಾನ್ ಕಿರಣ ಕೊಡುತ್ತೇವೆ. ಈ ಕಿರಣ ಆಳಕ್ಕೆ ಇಳಿಯುವುದಿಲ್ಲ, ಒಳಗಿನ ಅಂಗಗಳಿಗೆ ತೊಂದರೆ ಕಡಿಮೆ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಪದ್ಧತಿಯಲ್ಲಿ ರೋಗಿ ಯಂತ್ರದಿಂದ ಕೆಲವು ಮೀಟರ್ ದೂರ ನಿಲ್ಲಬೇಕು. ಮೈಮೇಲೆ ಬಟ್ಟೆ ಇಲ್ಲವೆಂದೇ ಹೇಳಬೇಕು. ಒಟ್ಟು 6 ಭಂಗಿ. ಇವತ್ತು 3, ನಾಳೆ 3. ಆ ಎರಡು ದಿನ ಸೇರಿ ಚರ್ಮಕ್ಕೆ ಸಾಮಾನ್ಯವಾಗಿ 2 ಗ್ರೇ (ಗ್ರೇ ಅಂದರೆ ಕಿರಣದ ಡೋಸ್ ಅಳೆಯುವ ಮಾನ). ಪೂರ್ತಿ ಕೋರ್ಸ್ 36 ಗ್ರೇ ಆದರೆ ಎರಡು ತಿಂಗಳ ಮೇಲೇ ಹಿಡಿಯುತ್ತದೆ. ವಯಸ್ಸಾದವರು ಕೈ ಎತ್ತಿ, ಅಲುಗಾಡದೆ ನಿಲ್ಲುವುದನ್ನು ನೋಡುವಾಗ ಸಂಕಟವಾಗುತ್ತದೆ.

ಇಷ್ಟು ಕಷ್ಟಪಟ್ಟರೂ ಕಿರಣ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಬಿಸಿಲಲ್ಲಿ ನಿಂತರೂ ಕಂಕುಳಿಗೆ ಬಿಸಿಲು ತಾಗುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ನೆತ್ತಿ, ತೊಡೆಸಂದು, ಸ್ತನದ ಕೆಳಗಿನ ಮಡಿಕೆ, ಅಂಗಾಲು, ಇಲ್ಲೆಲ್ಲ ಡೋಸ್ ಕಡಿಮೆ. ಬೆರಳುಗಳಿಗೆ ಹಲವು ಕಡೆಯಿಂದ ಬಿದ್ದು ಜಾಸ್ತಿಯಾಗಬಹುದು. ದಪ್ಪಗಿರುವವರಲ್ಲಿ ಒಂದು ಥರ, ಬೆನ್ನು ಬಾಗಿದವರಲ್ಲಿ ಇನ್ನೊಂದು ಥರ. ನಿಂತ ಇಡೀ ಮೈಗೆ ಹೀಗೆ ಬೀಳುವ ಡೋಸನ್ನು ಮಾಮೂಲಿ ಪ್ಲಾನಿಂಗ್ ಕಂಪ್ಯೂಟರ್ ನಂಬುವಷ್ಟು ಲೆಕ್ಕ ಹಾಕಿಕೊಡುವುದಿಲ್ಲ. ಆ ರೋಗಿಯ ಮೈಮೇಲೇ ಅಳೆಯಬೇಕು.

ಅಳೆಯುವುದು ಹೇಗೆಂದರೆ, ಬಿದ್ದ ಕಿರಣವನ್ನು ಹಿಡಿದಿಟ್ಟುಕೊಳ್ಳುವ, ಕೆಲವೇ ಮಿಲಿಮೀಟರ್ ಅಗಲದ ಟಿಎಲ್‌ಡಿ ಎಂಬ ಹರಳಿನ ಚಿಪ್‌ಗಳನ್ನು ಚರ್ಮಕ್ಕೆ ಅಂಟಿಸುತ್ತೇವೆ. ಆಮೇಲೆ ರೀಡರ್‌ನಲ್ಲಿ ಕಾಯಿಸಿದರೆ ಅವು ಬೆಳಕು ಬಿಡುತ್ತವೆ. ಆ ಬೆಳಕಿನಿಂದ ಡೋಸ್ ಗೊತ್ತಾಗುತ್ತದೆ. ಕಿರಣ ಬಿದ್ದಷ್ಟೂ ಕಪ್ಪಾಗುವ ಫಿಲ್ಮ್ ತುಂಡುಗಳನ್ನೂ ಬಳಸಬಹುದು. ಮೊದಲ ಸುತ್ತಿನಲ್ಲೇ ಅಳೆದರೆ ಎಲ್ಲಿ ಕಡಿಮೆಯಾಗಿದೆಯೋ ಅಲ್ಲಿಗೆ ಬೇರೆಯಾಗಿ ಕಿರಣ ಕೊಡಬಹುದು, ಉಗುರಿಗೆ ಮರೆ ಕಟ್ಟಬಹುದು. ಈಗ 12 ಗ್ರೇಯ ಚಿಕ್ಕ ಕೋರ್ಸೂ ಬಳಕೆಯಲ್ಲಿದೆ. ಅದರಲ್ಲಿ ಒಂದು ಮಡಿಕೆಗೆ ಅರ್ಧವೇ ತಲುಪಿದರೆ ಅಲ್ಲಿ ಸಿಗುವುದು 6 ಗ್ರೇ ಮಾತ್ರ. ಅಳೆಯದಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ.

ಹತ್ತಾರು ಚಿಪ್ ಅಂಟಿಸಿ, ಒಂದೊಂದನ್ನೂ ಓದಿ, ಲೆಕ್ಕ ಬರೆಯಲು ಗಂಟೆಗಟ್ಟಲೆ ಬೇಕು. ಹೊರಗೆ ಬೇರೆ ರೋಗಿಗಳ ಸಾಲು ಇರುತ್ತದೆ. ಸಿಬ್ಬಂದಿ ಕಡಿಮೆ ಇರುವ ಕಡೆ ಮೊದಲು ಕೈಬಿಟ್ಟು ಹೋಗುವ ಕೆಲಸ ಇದೇ.

ಆದ್ದರಿಂದ ಕೇಳುತ್ತಿದ್ದೇನೆ. ಕಿರಣ ಕೊಡುವ ಯಂತ್ರಕ್ಕೆ (ಲೀನಿಯರ್ ಆಕ್ಸಿಲರೇಟರ್) ಟೆಂಡರ್ ಕರೆಯುವಾಗ ಚಿಪ್, ಫಿಲ್ಮ್, ರೀಡರ್‌ಗಳನ್ನೂ ಅದರಲ್ಲೇ ಸೇರಿಸಿ. ಖಾಲಿ ಇರುವ ಫಿಸಿಸಿಸ್ಟ್ ಹುದ್ದೆಗಳನ್ನು ಬೇಗ ತುಂಬಿ. ಈ ಚಿಕಿತ್ಸೆ ಎಲ್ಲ ಜಿಲ್ಲೆಯಲ್ಲೂ ಬೇಕಿಲ್ಲ, ರೋಗಿಗಳೇ ಕಡಿಮೆ. ಒಂದೆರಡು ಸರ್ಕಾರಿ ಕೇಂದ್ರಗಳಲ್ಲಿ ಅಳತೆಯ ಸಮೇತ ಚೆನ್ನಾಗಿ ನಡೆದರೆ ಸಾಕು. ಆದರೆ ದೂರದ ಊರಿನಿಂದ ಬರುವವರಿಗೆ ಆ ಎರಡು ತಿಂಗಳು ಉಳಿಯಲು ಜಾಗ, ಊಟದ ವ್ಯವಸ್ಥೆ ಮಾಡಿಕೊಡಿ. ಕೂಲಿ ಬಿಟ್ಟು ಬಂದವರು ಅರ್ಧದಲ್ಲೇ ಊರಿಗೆ ಹೊರಟರೆ ನಾವು ಅಳೆದದ್ದೂ ವ್ಯರ್ಥವಾಗುತ್ತದೆ.

ಇಂತಿ,
ಒಬ್ಬ ಮೆಡಿಕಲ್ ಫಿಸಿಸಿಸ್ಟ್