ಪೋಸ್ಟ್ ತೆಗಿ ಅಂದ್ರೆ ಏನರ್ಥ?

ಸಂಪಾದಕರಿಗೆ ನಮಸ್ಕಾರ,

ನಾನು ಬೆಂಗಳೂರಲ್ಲಿ 14 ವರ್ಷದಿಂದ ಸಾಫ್ಟ್‌ವೇರ್‌ಗಳಿಗೆ ಡಾಕ್ಯುಮೆಂಟೇಶನ್ ಬರೆಯೋ ಕೆಲಸ ಮಾಡ್ತಿದೀನಿ, ಅಂದ್ರೆ ಇದನ್ನ ಒತ್ತಿದ್ರೆ ಏನಾಗುತ್ತೆ, ಎರರ್ ಬಂದ್ರೆ ಏನ್ ಮಾಡ್ಬೇಕು ಅಂತ ಬರೆದಿಡೋದು. ಎಐ ಬಗ್ಗೆ ಪತ್ರಿಕೆಗಳಲ್ಲಿ ಬರೋದು ಜಾಸ್ತಿ ಯಾರ ಕೆಲಸ ಹೋಗುತ್ತೆ ಅಂತಾನೇ. ನಮ್ಮನೇಲಿ ಹೋಗಿದ್ದು ಬೇರೆ, ಅದನ್ನ ಹೇಳೋಕೆ ಈ ಪತ್ರ.

ನಮ್ಮ ಚಿಕ್ಕಪ್ಪ ಓದಿದ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳದ್ದೊಂದು ಪೇಜ್ ಇದೆ, ನೋಡ್ಕೊಳ್ಳೋದು ಅವ್ರೇ. ಕಣ್ಣು ಮಂಜಾಗಿ ಟೈಪ್ ಮಾಡೋದು ಕಷ್ಟ ಆಯ್ತು ಅಂತ ನಾನೇ ಅವರ ಫೋನಿಗೆ ಒಂದು ಎಐ ಏಜೆಂಟ್ ಹಾಕ್ಕೊಟ್ಟೆ, ಬಾಯಲ್ಲಿ ಹೇಳಿದ್ರೆ ಪೋಸ್ಟ್ ಹಾಕುತ್ತೆ, ಹುಡುಕುತ್ತೆ, ಅಳಿಸುತ್ತೆ. ಒಂದಿನ ಮನೆಗೆ ಬಂದ ಸ್ನೇಹಿತರಿಗೆ ತೋರಿಸೋಣ ಅಂತ "ನಮ್ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ಪೋಸ್ಟ್ ತೆಗಿ" ಅಂದಿದಾರೆ. ಅದು ಪೋಸ್ಟನ್ನ ಅಳಿಸೇ ಬಿಡ್ತು. ಫೋಟೋ ಇನ್ನೊಬ್ಬರ ಹತ್ರ ಇತ್ತು, ಸಿಕ್ತು. ಆದ್ರೆ ಅದರ ಕೆಳಗೆ ನಾಲ್ಕು ವರ್ಷದಿಂದ ಒಬ್ಬೊಬ್ಬರಾಗಿ ಬಂದು "ಎರಡನೇ ಸಾಲು, ಎಡಗಡೆಯಿಂದ ಮೂರನೇವ್ನು ನಮ್ಮಣ್ಣ", "ಕುರ್ಚಿ ಮೇಲೆ ಕೂತಿರೋರು ಲೆಕ್ಕದ ಮೇಷ್ಟ್ರು" ಅಂತ ಬರೆದಿದ್ದ ಕಮೆಂಟ್‌ಗಳು ಎಲ್ಲೂ ಸಿಗಲಿಲ್ಲ, ಯಾರು ಯಾರು ಅನ್ನೋದು ಅದರಲ್ಲೇ ಇತ್ತು, ಬರೆದವರಲ್ಲಿ ಇಬ್ಬರು ಈಗಿಲ್ಲ. ಚಿಕ್ಕಪ್ಪ ಈಗ ನೋಟ್‌ಬುಕ್ ಇಟ್ಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ ಹೆಸರು ಬರ್ಕೊಳ್ತಿದಾರೆ.

ಕನ್ನಡದಲ್ಲಿ ಬಾಗಿಲು ತೆಗಿ ಅಂದ್ರೆ ಓಪನ್ ಮಾಡು, ಚಪ್ಪಲಿ ತೆಗಿ ಅಂದ್ರೆ ಬಿಚ್ಚು, ಫೋಟೋ ತೆಗಿ ಅಂದ್ರೆ ಕ್ಲಿಕ್ ಮಾಡು, ಗೋಡೆ ಮೇಲಿನ ಹಳೇ ಕ್ಯಾಲೆಂಡರ್ ತೆಗಿ ಅಂದ್ರೆ ಕಿತ್ತಾಕು. ಎದುರಿಗೆ ಮನುಷ್ಯ ಇದ್ದಿದ್ರೆ ಸ್ನೇಹಿತರು ಪಕ್ಕದಲ್ಲಿ ಕೂತಿರೋದು ನೋಡಿ ಅರ್ಥ ಮಾಡ್ಕೊಳ್ತಿದ್ದ. ಏಜೆಂಟಿಗೆ ಇರೋದು ಆ ಮಾತು ಮತ್ತೆ ಟೂಲಿನ ವಿವರಣೆ, ಅಷ್ಟೇ. ಟೂಲ್ ಅಂದ್ರೆ ಹುಡುಕೋದು, ಅಳಿಸೋದು ಥರ ಒಂದೊಂದು ಕೆಲಸಕ್ಕೆ ಏಜೆಂಟು ಬಳಸೋ ಪುಟ್ಟ ಪ್ರೋಗ್ರಾಮು. ಆವತ್ತು ರಾತ್ರಿ ನಾನು ಅಳಿಸೋ ಟೂಲಿನ ವಿವರಣೆ ತೆಗೆದು ನೋಡಿದೆ, ಇಂಗ್ಲಿಷಲ್ಲಿ ಒಂದೇ ಸಾಲು, ಐಡಿ (ಅಂದ್ರೆ ಪೋಸ್ಟಿನ ಗುರುತು) ಕೊಟ್ಟ ಪೋಸ್ಟನ್ನ ಅಳಿಸುತ್ತೆ ಅಂತ. ಇದನ್ನ ನಾನು ಮೊದಲೇ ಓದ್ಬೇಕಿತ್ತು, ನನ್ನ ಕೆಲಸಾನೇ ಅದು.

ಮೊದಲು ನಾವು ಬರೆದಿದ್ದನ್ನ ಎಂಜಿನಿಯರ್‌ಗಳು ಓದಿದ್ರೆ ಓದೋರು, ಬಿಟ್ರೆ ಬಿಡೋರು. ಈಗ ಯಂತ್ರಾನೇ ಓದುತ್ತೆ, ಪ್ರತಿ ಸಲ ಓದುತ್ತೆ, ಓದಿದ ಹಾಗೇ ಮಾಡುತ್ತೆ. ಆಂಥ್ರಾಪಿಕ್ ಕಂಪನಿ 2024ರ ನವೆಂಬರಲ್ಲಿ ಬಿಟ್ಟ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನೋ, ಎಐಗೆ ಟೂಲ್‌ಗಳನ್ನ ಜೋಡಿಸೋ ಪದ್ಧತೀಲಿ ಪ್ರತಿ ಟೂಲಿಗೂ ಹೆಸರು, ವಿವರಣೆ, ಏನೇನ್ ಕೊಡ್ಬೇಕು ಅನ್ನೋ ಪಟ್ಟಿ ಇರುತ್ತೆ, ಇದು ಇದ್ದಿದ್ದನ್ನ ಹಾಳು ಮಾಡೋ ಟೂಲು ಅಂತ ಗುರುತು ಹಾಕೋ ಜಾಗಾನೂ ಇದೆ. ಆದ್ರೆ ಆ ಗುರುತು ಬರೀ ಸುಳಿವು, ತಡೆಯೋ ಶಕ್ತಿ ಅದಕ್ಕಿಲ್ಲ. ಟೂಲ್ ಓಡೋ ಮುಂಚೆ ಬೇಡ ಅನ್ನೋಕೆ ಒಬ್ಬ ಮನುಷ್ಯ ಇರ್ಬೇಕು ಅಂತ ಆ ನಿಯಮಗಳಲ್ಲೇ ಬರೆದಿದೆ, ಪಾಲಿಸೋದು ಆಪ್ ಮಾಡೋರ ಕೈಲಿ.

ಅದಕ್ಕೇ ಡಿಲೀಟ್ ಮಾಡೋ ಟೂಲಿಗೆ ಒಂದು ಸಾಲು ಸಾಲಲ್ಲ. ಪೋಸ್ಟಿನ ಜೊತೆ ಕಮೆಂಟೂ ಹೋಗುತ್ತಾ, ವಾಪಸ್ ತರೋಕಾಗುತ್ತಾ, ಇದನ್ನ ಮೊದಲು ಬರೀಬೇಕು. ಒಂದೊಂದು ಜಾಲತಾಣದ್ದು ಒಂದೊಂದು ಥರ. ಬ್ಲೂಸ್ಕೈಯಲ್ಲಿ ಅಳಿಸು ಅನ್ನೋದಕ್ಕೆ ಅಳಿಸು, ಇಲ್ಲಾಂದ್ರೆ ಅದು ಇಲ್ಲ ಅಂತ ಖಾತ್ರಿ ಮಾಡು ಅಂತ ಅರ್ಥ, ಅಂದ್ರೆ ತಪ್ಪು ಐಡಿ ಕೊಟ್ರೂ ಸಕ್ಸಸ್ ಅಂತಾನೇ ಬರಬಹುದು, ಏಜೆಂಟು ಅಳಿಸಿದೀನಿ ಅಂತ ಹೇಳಿಬಿಡುತ್ತೆ. ಮಾಸ್ಟೊಡಾನ್ ಅನ್ನೋದು ಬೇರೆ ಬೇರೆಯವರು ನಡೆಸೋ ಎಷ್ಟೋ ಸರ್ವರ್‌ಗಳು ಸೇರಿದ ಜಾಲತಾಣ, ಅಲ್ಲಿ ಅಳಿಸಿದಾಗ ಸರ್ವರ್ ಆ ಪೋಸ್ಟಿನ ಮೂಲ ಬರಹಾನ ವಾಪಸ್ ಕೊಡುತ್ತೆ, ಅದನ್ನ ಉಳಿಸ್ಕೋ ಅಂತ ಒಂದು ಸಾಲು ಬರೆದಿದ್ರೆ ಎಷ್ಟೋ ಅನುಕೂಲ, ಜೊತೆಗೆ ಬೇರೆ ಸರ್ವರ್‌ಗಳಿಗೆ ಹೋದ ಕಾಪಿ ಅಳಿಸಿಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅಂತಾನೂ ಹೇಳ್ಬೇಕು. ಎಕ್ಸ್‌ನಲ್ಲಿ (ಮುಂಚಿನ ಟ್ವಿಟರ್) ಐಡಿ ಈಗ 19 ಅಂಕಿ, ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಅದನ್ನ ಸಂಖ್ಯೆ ಅಂತ ಹಿಡಿದ್ರೆ 9007199254740991 ದಾಟಿದ ಮೇಲೆ ಕೊನೇ ಅಂಕಿಗಳು ಬದಲಾಗಿಬಿಡಬಹುದು, ಆಗ ಐಡಿನೇ ತಪ್ಪಾಗುತ್ತೆ, ಟ್ವಿಟರ್‌ನವರು 2010ರಲ್ಲೇ ಇದಕ್ಕೋಸ್ಕರ ಐಡಿಯನ್ನ ಅಕ್ಷರಗಳ ರೂಪದಲ್ಲೂ ಕೊಡೋಕೆ ಶುರು ಮಾಡಿದ್ರು. ಇವತ್ತಿಗೂ ಎಷ್ಟೋ ಟೂಲ್‌ಗಳಲ್ಲಿ ಐಡಿ ಅಂದ್ರೆ ನಂಬರ್ ಅಂತ ಬರೆದಿರೋದು ನೋಡ್ತೀನಿ, ಬೇಜಾರಾಗುತ್ತೆ.

ಆ ಟೂಲ್ ಮಾಡಿದೋರಿಗೆ ನಾನು ಹೊಸ ವಿವರಣೆ ಬರೆದು ಕಳಿಸಿದೀನಿ. ಅಳಿಸೋ ಮುಂಚೆ ಪೋಸ್ಟಿನ ಮೊದಲ ಸಾಲು, ತಾರೀಕು, ಎಷ್ಟು ಕಮೆಂಟ್ ಇದೆ ಅಂತ ಓದಿ ಹೇಳು, ಹೂಂ ಅಳಿಸು ಅನ್ನೋವರೆಗೂ ಮುಟ್ಟಬೇಡ. ಬರೀ "ತೆಗಿ" ಅಂದ್ರೆ ತೋರಿಸು, ಅಳಿಸಬೇಡ. ಧಾರವಾಡದ ಕಡೆಯವ್ರು "ತಗಿ" ಅಂದ್ರೂ ಅಷ್ಟೇ. "ತೆಗೆದುಹಾಕು" ಅಂದ್ರೂ ಒಂದ್ಸಲ ಕೇಳು. ಈ ನಾಲ್ಕು ಸಾಲಿಗೆ ನಂಗೆ ಒಂದು ವಾರ ಹಿಡೀತು, ಊರಿಗೊಂದು ಮಾತಿದೆ ನಮ್ಮಲ್ಲಿ, ಮಂಗಳೂರು, ಕಲಬುರಗಿ ಕಡೆ ಹೇಗಂತಾರೋ ನಂಗೆ ಪೂರ್ತಿ ತಿಳಿದಿಲ್ಲ. ಕನ್ನಡದ ಎಂಜಿನಿಯರ್‌ಗಳು ಸಾವಿರಾರು ಜನ ಇಂಥ ಟೂಲ್‌ಗಳನ್ನ ದಿನಾ ಕಟ್ತಿದಾರೆ, ಅವರ ಮನೇಲೂ ಫೋನಿಗೆ ಕನ್ನಡದಲ್ಲಿ ಮಾತಾಡೋ ಅಪ್ಪ ಅಮ್ಮ ಇದಾರೆ. ದಯವಿಟ್ಟು ಅಳಿಸೋ ಟೂಲ್ ಬರೆಯುವಾಗ ಅವರು ಆಡೋ ಮಾತನ್ನ ಒಂದ್ಸಲ ಕೇಳಿಸ್ಕೊಂಡು ವಿವರಣೇಲಿ ಸೇರಿಸಿ.

ಇಂತಿ,
ಒಬ್ಬ ಟೆಕ್ನಿಕಲ್ ರೈಟರ್, ಬೆಂಗಳೂರು