ರಕ್ತ ಒರೆಸಿದ ಮಾತ್ರಕ್ಕೆ ಮಕ್ಕಳ ಕಥೆಯಾಗದು

ಮಾನ್ಯ ಸಂಪಾದಕರೇ,

ದೊಡ್ಡವರಿಗಾಗಿ ತಯಾರಾದ ಹೊಡೆದಾಟದ ಚಿತ್ರಗಳು ಗೆದ್ದ ಕೂಡಲೇ ಅವುಗಳ ನಾಯಕರನ್ನು ಮಕ್ಕಳ ಕಾರ್ಟೂನಿಗೆ ತರುವ ಪರಿಪಾಠ ನಮ್ಮ ದೇಶದಲ್ಲೂ ಬೇರೂರಿದೆ. 2011ರ ಹಿಂದಿಯ ‘ಸಿಂಗಂ’ 2018ರಲ್ಲಿ ‘ಲಿಟಲ್ ಸಿಂಗಂ’ ಎಂಬ ಬಾಲಕನಾಗಿ ಮಕ್ಕಳ ವಾಹಿನಿಗೆ ಬಂದ. ‘ದಬಂಗ್’ 2021ರಲ್ಲಿ ಅನಿಮೇಷನ್ ಸರಣಿಯಾಯಿತು. ಕನ್ನಡದ ಚಿತ್ರಗಳೂ ದೇಶದಾದ್ಯಂತ ಓಡುತ್ತಿರುವ ಈ ಹೊತ್ತಿನಲ್ಲಿ ನಮ್ಮ ನಿರ್ಮಾಪಕರೂ ಇದೇ ದಾರಿ ಹಿಡಿಯಬಹುದಾದ್ದರಿಂದ, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ನಾನು ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಇದು ಹಳೆಯ ವ್ಯಾಪಾರ. ವಿಯೆಟ್ನಾಂ ಯುದ್ಧದಿಂದ ಮನಸ್ಸು ಮುರಿದು ಮರಳಿದ ಸೈನಿಕನೊಬ್ಬನ ಕಥೆಯಾದ ‘ಫಸ್ಟ್ ಬ್ಲಡ್’ 1982ರಲ್ಲಿ ತೆರೆಕಂಡಿತು. ಅದರ ಕೊನೆಯಲ್ಲಿ ರಾಂಬೊ ತನ್ನ ಹಳೆಯ ಮೇಲಧಿಕಾರಿಯ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾನೆ. 1986ರ ಹೊತ್ತಿಗೆ ಅದೇ ರಾಂಬೊ ಮಕ್ಕಳ ಕಾರ್ಟೂನೂ ಆದ, ಅಂಗಡಿಯ ಆಟಿಕೆಯೂ ಆದ. ಸಾವುನೋವುಗಳನ್ನು ತೆಗೆಯುವ ಭರದಲ್ಲಿ, ಯುದ್ಧ ಮನುಷ್ಯನಿಗೆ ಏನು ಮಾಡುತ್ತದೆಂದು ತಿಳಿಸುತ್ತಿದ್ದ ಆ ಅಳುವನ್ನೂ ತೆಗೆದು, ಬಂದೂಕನ್ನೂ ತೋಳ್ಬಲವನ್ನೂ ಮಾತ್ರ ಉಳಿಸಿಕೊಂಡರು. ಯಾರಿಗೂ ನೋವಾಗದ ಹೊಡೆದಾಟ ಎಳೆಯರಿಗೆ ಹೆಚ್ಚು ಸುರಕ್ಷಿತವೆಂಬ ಮಾತನ್ನು ನಾನು ಒಪ್ಪಲಾರೆ.

ಇನ್ನೊಂದು ತೊಂದರೆ ನನ್ನ ತರಗತಿಯಲ್ಲೇ ಕಂಡದ್ದು. ಎರಡನೇ ತರಗತಿಯ ಹುಡುಗನೊಬ್ಬ ಕಾರ್ಟೂನ್ ನಾಯಕನ ಚಿತ್ರವಿರುವ ತನ್ನ ಬ್ಯಾಗು ತೋರಿಸಿ, “ಇವನ ದೊಡ್ಡ ಸಿನಿಮಾನೂ ನೋಡಿದೀನಿ ಮಿಸ್, ಅಪ್ಪನ ಮೊಬೈಲಲ್ಲಿ” ಎಂದು ಹೆಮ್ಮೆಯಿಂದ ಹೇಳಿದ. ಒಟಿಟಿ ವೇದಿಕೆಗಳಿಗೆ 2021ರ ನಿಯಮಗಳು 7+, 13+, 16+ ಎಂಬ ವಯೋಮಿತಿಯನ್ನೂ 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಪೋಷಕರ ಲಾಕ್ ಸೌಲಭ್ಯವನ್ನೂ ವಿಧಿಸಿವೆ. ಚಿತ್ರಮಂದಿರದ ಯು/ಎ ಪ್ರಮಾಣಪತ್ರವನ್ನೂ 2023ರ ತಿದ್ದುಪಡಿ ಇದೇ ರೀತಿ ವಿಂಗಡಿಸಿದೆ. ಆದರೆ ಬೆಳಗ್ಗೆ ಗೆಳೆಯನಾಗಿ ಪರಿಚಯವಾದ ನಾಯಕನನ್ನು ರಾತ್ರಿ ನೋಡಬೇಡವೆಂದರೆ ಏಳು ವರ್ಷದ ಮಗು ಹೇಗೆ ಒಪ್ಪೀತು? ದುಡಿದು ದಣಿದು ಬಂದ ತಂದೆತಾಯಿಯ ಮೇಲೆ ಈ ಹೊರೆಯನ್ನೆಲ್ಲ ಹಾಕುವುದು ನ್ಯಾಯವಲ್ಲ. ಮೂಲ ಚಿತ್ರದ ವಯೋಮಿತಿಯನ್ನು ಮಕ್ಕಳ ಸರಣಿಯ ಆರಂಭದಲ್ಲೇ ತಿಳಿಸುವುದು, ಮಕ್ಕಳ ಕಾರ್ಯಕ್ರಮದ ನಡುವೆ ಆ ಚಿತ್ರದ ಜಾಹೀರಾತು ಹಾಕದಿರುವುದು ವಾಹಿನಿಗಳಿಂದ ಆಗಬೇಕಾದ ಕನಿಷ್ಠ ಕೆಲಸ.

ಮಕ್ಕಳಿಗೆ ಸಾವಿನ ಮಾತೇ ಬೇಡವೆಂದು ನಾನು ಹೇಳುತ್ತಿಲ್ಲ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಕರುವಿಗೆ ಕೊನೆಯ ಬಾರಿ ಹಾಲೂಡಿಸಿ ಹೊರಡುತ್ತದೆ, ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ತಲೆಮಾರುಗಳಿಂದ ಪುಟ್ಟ ಮಕ್ಕಳು ಅದನ್ನು ಕಣ್ತುಂಬಿಕೊಂಡು ಕೇಳುತ್ತಲೇ ಬಂದಿದ್ದಾರೆ. ಅಲ್ಲಿ ಸಾವಿಗೆ ಬೆಲೆಯಿದೆ, ಅಗಲಿಕೆಗೆ ದುಃಖವಿದೆ. ಮಕ್ಕಳಿಗಾಗಿ ಕಥೆಯನ್ನು ಹೊಸದಾಗಿ ಕಟ್ಟುವವರು ಉಳಿಸಿಕೊಳ್ಳಬೇಕಾದುದು ಇದನ್ನೇ.

ನಮ್ಮ ಜಿಲ್ಲೆಯ ಊರಿನ ಹೆಸರು ಹೊತ್ತು 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಚಿತ್ರಗಳಿಗೆ ಮುಂದೆಂದಾದರೂ ಮಕ್ಕಳ ರೂಪ ಕೊಡುವುದಾದರೆ, ನಾಯಕನನ್ನು ಪುಟ್ಟದಾಗಿಸಿ ಕೈಗೆ ಆಟಿಕೆಯ ಬಂದೂಕು ಕೊಡುವ ಕೆಲಸ ಆಗಬಾರದು. ನಿಜವಾದ ಕೆಜಿಎಫ್‌ನಲ್ಲಿ ಮಕ್ಕಳಿಗೆ ಹೇಳಬಹುದಾದ ಕಥೆಗಳು ಬೇಕಾದಷ್ಟಿವೆ: 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಹರಿದು ಬಂದ ವಿದ್ಯುತ್ತು, ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಗಣಿಯ ಸೆಕೆ, ಒಳಗೆ ಬಂಡೆ ಸಿಡಿದ ಸುದ್ದಿ ಕೇಳಿ ಅಪ್ಪನಿಗಾಗಿ ಕಾಯುತ್ತಿದ್ದ ಮನೆಗಳು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೂಲಿಗಾಗಿ ಬೆಂಗಳೂರಿನ ರೈಲು ಹತ್ತಿದ ಕುಟುಂಬಗಳು. ಆ ಗಣಿಗಳಲ್ಲಿ ದುಡಿದ ಹಿರಿಯರು ಅಲ್ಲಿನ ಕಾಲೊನಿಗಳಲ್ಲಿ ಇನ್ನೂ ಇದ್ದಾರೆ. ಬರೆಯುವವರು ಮೊದಲು ಅವರನ್ನು ಕಂಡು ಮಾತನಾಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಪ್ರಾಥಮಿಕ ಶಾಲಾ ಶಿಕ್ಷಕಿ,
ಬಂಗಾರಪೇಟೆ, ಕೋಲಾರ ಜಿಲ್ಲೆ