ಹಾಸನದ ಲಾಲಿಕ್ ಶಿಬಿರ: ಕೈ ಜೋಡಿಸಿದ ಎಲ್ಲರಿಗೂ ನಮಸ್ಕಾರ

ಫ್ರಾನ್ಸಿನ ಕಲಾವಿದ ರೆನೆ ಲಾಲಿಕ್ ಅವರ ಆಭರಣ ಮತ್ತು ಗಾಜಿನ ಕೆಲಸವನ್ನು ಮಾಡಿ ಕಲಿಯಲೆಂದು ಹಾಸನದಲ್ಲಿ ನಡೆಸಿದ ಶಿಬಿರ ಮುಗಿದಿದೆ. ಬೆನ್ನಿಗೆ ತಗಡಿಲ್ಲದ, ಬೆಳಕು ಹಾಯುವ ಮೀನಾ (ಲೋಹದ ಮೇಲೆ ಕರಗಿಸಿ ಕೂರಿಸುವ ಬಣ್ಣದ ಗಾಜಿನ ಪುಡಿ) ರೆಕ್ಕೆಗಳನ್ನು ನೋಡಿ ಬಂದವರೆಲ್ಲ ವಿನ್ಯಾಸವನ್ನು ಮೆಚ್ಚಿದರು. ಅವು ಬಿರುಕು ಬಿಡದೆ ಉಳಿದದ್ದು ಮಾತ್ರ ವಿನ್ಯಾಸ ಬರೆದವರಿಂದಲ್ಲ. ಅದಕ್ಕೇ ಈ ಬರಹ.

ಲಾಲಿಕ್ ಹುಟ್ಟಿದ್ದು 1860ರಲ್ಲಿ, ಫ್ರಾನ್ಸಿನ ಆಯ್ ಎಂಬ ಊರಲ್ಲಿ. ಕಲ್ಲಿನ ಬೆಲೆಯೇ ಒಡವೆಯ ಬೆಲೆ ಎಂದಿದ್ದ ಕಾಲದಲ್ಲಿ ಅವರು ಕೊಂಬು, ಗಾಜು, ಮೀನಾಗಳನ್ನು ಚಿನ್ನದ ಪಕ್ಕದಲ್ಲಿ ಕೂರಿಸಿದರು. ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಹೊತ್ತ ಹೆಣ್ಣಿನ ಎದೆಪದಕ ಈಗ ಲಿಸ್ಬನ್ನಿನ ಗುಲ್ಬೆಂಕಿಯನ್ ಮ್ಯೂಸಿಯಂನಲ್ಲಿದೆ. ಮುಂದೆ ಕೋಟಿ (Coty) ಎಂಬ ಕಂಪನಿಯ ಸುಗಂಧದ ಬಾಟಲಿಗಳ ಮೂಲಕ ಅವರು ಪೂರ್ತಿ ಗಾಜಿಗೇ ತಿರುಗಿದರು. ನಾವು ಹಿಡಿದದ್ದು ಆ ಚಿಟ್ಟೆಯ ರೆಕ್ಕೆಯನ್ನು.

ಮೊದಲ ನಮಸ್ಕಾರ ನಮ್ಮ ಅಕ್ಕಸಾಲಿ ಆಚಾರ್ರಿಗೆ. ತಂತಿಗಳನ್ನು ಬೆಸೆದು ಮೀನಾ ತುಂಬುವ ಗೂಡು ಕಟ್ಟುವುದು ಪುಸ್ತಕದ ದಾರಿ. ಆದರೆ ಕುಲುಮೆಯಲ್ಲಿ ಸಾಮಾನ್ಯ ಬೆಸುಗೆ ಮತ್ತೆ ಕರಗಿ ಮೀನಾದೊಳಕ್ಕೆ ಹರಿದು ಅದನ್ನು ಮಂಕಾಗಿಸುತ್ತದೆ. ಬೆಸುಗೆಯೇ ಬೇಡ ಎಂದ ಅವರು ಒಂದೇ ಬೆಳ್ಳಿ ತಗಡಿನಲ್ಲಿ ಸಣ್ಣ ಗರಗಸದಿಂದ ಗೂಡುಗಳನ್ನು ಕೊರೆದುಕೊಟ್ಟರು. ಅಂಗಡಿಯ ಶೇ. 92.5ರ ಬೆಳ್ಳಿಯನ್ನು ಬಿಟ್ಟು ಶೇ. 99.9ರ ಶುದ್ಧ ಬೆಳ್ಳಿಯನ್ನೇ ಹಿಡಿಸಿದವರೂ ಅವರೇ. ತಾಮ್ರ ಬೆರೆತ ಬೆಳ್ಳಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ, ಮೀನಾ ಹರಿಯುವುದೂ ಆ ಆಸುಪಾಸಿನಲ್ಲೇ. ಶುದ್ಧ ಬೆಳ್ಳಿ 961ರವರೆಗೆ ತಡೆಯುತ್ತದೆ, ಸುಡುವಾಗ ಕಪ್ಪಡರುವುದೂ ಇಲ್ಲ.

ಮೀನಾ ಪುಡಿ ತೊಳೆದುಕೊಟ್ಟ ಅಕ್ಕಂದಿರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ಹಾಕಿ, ಕಲಕಿ, ಭಾರದ ಪುಡಿ ತಳ ಕಂಡ ಕೂಡಲೇ ಮೇಲಿನ ಹಾಲಿನಂಥ ನೀರನ್ನು ಬಗ್ಗಿಸಬೇಕು. ನೀರು ತಿಳಿಯಾಗುವ ತನಕ ಹೀಗೇ. ಆ ನುಣುಪು ಹಿಟ್ಟು ಉಳಿದರೆ ಬಣ್ಣ ಮಸುಕಾಗಿ ಬೆಳಕು ಹಾಯದು. ನಾಲ್ಕೈದು ಮಿಲಿಮೀಟರ್ ಅಗಲದ ಗೂಡಿನಲ್ಲಿ ಒದ್ದೆ ಪುಡಿ ತಾನಾಗಿ ನಿಲ್ಲುತ್ತದೆ, ಅದಕ್ಕಿಂತ ದೊಡ್ಡದಕ್ಕೆ ಅಡಿಯಲ್ಲಿ ಅಭ್ರಕದ ಹಾಳೆ ಬೇಕು. ಮಳೆಗಾಲದ ಹಾಸನದಲ್ಲಿ ಒಣಗಿಸುವುದೇ ದೊಡ್ಡ ಕೆಲಸ. ತೇವ ಉಳಿದಿದ್ದರೆ ಆವಿ ಎದ್ದು ಪುಡಿ ಸಿಡಿಯುತ್ತದೆ. ಕುಲುಮೆಯ ತಲೆಯ ಮೇಲಿಟ್ಟು ಕಾದು ಕುಳಿತ ಅವರ ತಾಳ್ಮೆಗೆ ನಾವು ಋಣಿಗಳು.

ಎಲೆಕ್ಟ್ರಿಷಿಯನ್ ಅಣ್ಣ ಕುಲುಮೆಗೆಂದೇ ಪ್ರತ್ಯೇಕ ಲೈನ್ ಎಳೆದು ಸ್ಟೆಬಿಲೈಸರ್ ಕೂರಿಸಿದರು. ಸಂಜೆ ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಕಾಯಿಲ್‌ನ ಶಾಖ ಮೂರನೇ ಎರಡರಷ್ಟಕ್ಕೆ ಕುಸಿಯುತ್ತದೆ. ಎರಡು ಮೂರು ನಿಮಿಷದಲ್ಲಿ ಮುಗಿಯಬೇಕಾದ ಸುಡುವಿಕೆ ಎಳೆದಾಡಿದರೆ ಮೀನಾ ಗೂಡಿನ ಅಂಚಿಗೆ ಸರಿದು ನಡುವೆ ತೂತು ಬೀಳುತ್ತದೆ. ಎಲ್ಲ ಸರಿಯಿದ್ದರೂ ಮೊದಲ ಸುಡುವಿಕೆಗೆ ತೂತು ಸಹಜ. ಮತ್ತೆ ತುಂಬಿ, ಮತ್ತೆ ಸುಟ್ಟರೆ ಮುಚ್ಚುತ್ತದೆ. ಹೊರತೆಗೆದ ತುಣುಕಿಗೆ ಗಾಳಿ ಬಡಿಯಬಾರದು. ಬೆಳ್ಳಿ ಮತ್ತು ಗಾಜು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಬಿರುಕು ಹುಟ್ಟುವುದು ಅಲ್ಲೇ. ಸೆಕೆ ತಡೆದುಕೊಂಡು ಫ್ಯಾನು, ಕಿಟಕಿ ಎರಡನ್ನೂ ಮುಚ್ಚಿ ಕುಳಿತ ಶಿಬಿರಾರ್ಥಿಗಳಿಗೂ ವಂದನೆ.

ಜಾಗ ಕೊಟ್ಟವರು, ಊಟ ಹಾಕಿದವರು, ಬೇಲೂರಿನ ಶಿಲಾಬಾಲಿಕೆಯರ ಒಡವೆಗಳನ್ನು ನಮ್ಮೊಂದಿಗೆ ನಿಂತು ಬಿಡಿಸಿ ತೋರಿಸಿದ ಹಿರಿಯರು, ಎಲ್ಲರನ್ನೂ ನೆನೆಯುತ್ತೇವೆ.

ಉಳಿದ ಮೀನಾ ಪುಡಿಯನ್ನು ಕಲಿಯುವವರಿಗೆ ಹಂಚುತ್ತಿದ್ದೇವೆ. ಕೆಂಪು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಸೀಸವಿದೆ. ಒಯ್ಯುವವರು ಅದನ್ನು ಅಡುಗೆಮನೆಯಲ್ಲಿ ತೆರೆಯಬೇಡಿ, ಊಟದ ಪಾತ್ರೆಗಳಿಗೆ ಹಚ್ಚಬೇಡಿ, ಒಣ ಪುಡಿ ಮುಟ್ಟುವಾಗ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ.